ಸೆಲ್ಫ್ ಕೇಬಲ್ಲಿಗೆ ಫ್ಯೂಸ್ ಬೇಡ ಅಂದವರು ಯಾರು?

ಈ ಸ್ಪ್ಯಾನರ್ ನೋಡಿ. ಹದಿಮೂರರದ್ದು. ಕ್ಯಾಮೆರಾ ಹತ್ತಿರ ಹಿಡಿಯುತ್ತೇನೆ, ಇಲ್ಲಿ ಇಲಿ ಕಡಿದ ಹಾಗೆ ಒಂದು ಗುಳಿ ಕಾಣುತ್ತಿದೆ ಅಲ್ವಾ? ಅದು ನನ್ನದೇ ಘನಕಾರ್ಯ. ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್ ಬಿಚ್ಚಬೇಕು ಅಂತ ಗೊತ್ತಿದ್ದೂ, ಹೊಟ್ಟೆ ಹಸಿದು ಮನಸ್ಸೆಲ್ಲ ಮಿರ್ಚಿ ಮಂಡಕ್ಕಿ ಮೇಲಿದ್ದ ಹೊತ್ತಿನಲ್ಲಿ, ಪ್ಲಸ್‌ಗೆ ಕೈ ಹಾಕಿದೆ. ಸ್ಪ್ಯಾನರಿನ ಬಾಲ, ಮೈನಸ್ ಸೇರಿರುವ ಟ್ರ್ಯಾಕ್ಟರಿನ ಕಬ್ಬಿಣಕ್ಕೆ ತಾಗಿತು. ಚಟ್ ಅಂತ ಒಂದು ಸದ್ದು, ಕಣ್ಣ ಮುಂದೆ ಬೆಳ್ಳನೆ ಬೆಳಕು. ಕಣ್ಣು ಬಿಟ್ಟು ನೋಡಿದರೆ ಕಬ್ಬಿಣ ಕರಗಿ ಹಾರಿಹೋಗಿತ್ತು.

ಬರೀ ಹನ್ನೆರಡು ವೋಲ್ಟ್, ಸ್ವಾಮಿ. ಬೆರಳಿಟ್ಟರೆ ಜುಮ್ ಅನ್ನುವುದೂ ಇಲ್ಲ.

ಲೆಕ್ಕ ಹಾಕೋಣ. ಚೆನ್ನಾಗಿರುವ ಒಂದು ದೊಡ್ಡ ಬ್ಯಾಟರಿಯ ಒಳಗಿನ ತಡೆ, ಅಂದರೆ ರೆಸಿಸ್ಟೆನ್ಸ್, ಸುಮಾರು 5 ಮಿಲಿ ಓಮ್ ಅಂತ ಇಟ್ಟುಕೊಳ್ಳಿ. ಕೇಬಲ್ಲಿನದು ಇನ್ನೊಂದು. ಒಟ್ಟು 6. ಪೂರ್ತಿ ಚಾರ್ಜ್ ಆದ ಬ್ಯಾಟರಿಯ 12.6 ವೋಲ್ಟನ್ನು ಅದರಿಂದ ಭಾಗಿಸಿದರೆ 2100 ಆಂಪ್ಸ್. ನಮ್ಮ ಪಿ.ಬಿ. ರಸ್ತೆಯ ವೆಲ್ಡಿಂಗ್ ಅಂಗಡಿಯಲ್ಲಿ ಗೇಟ್ ಬೆಸೆಯಲು ನೂರು ಚಿಲ್ಲರೆ ಆಂಪ್ಸ್ ಸಾಕು. ಅಂದರೆ ಸೀಟಿನ ಕೆಳಗೆ ಸುಮ್ನೆ ಕೂತಿರುವ ಆ ಕಪ್ಪು ಡಬ್ಬಿ, ಶಾರ್ಟ್ ಆದರೆ ಹತ್ತು ಹದಿನೈದು ವೆಲ್ಡಿಂಗ್ ಮಷಿನ್ ಒಟ್ಟಿಗೆ ಆನ್ ಮಾಡಿದಷ್ಟು ಕರೆಂಟ್ ಬಿಡುತ್ತದೆ.

ಇವತ್ತು ಮಾತು ಬೋಟಿನದು. ದಾವಣಗೆರೆಯಲ್ಲಿ ಕೂತು ಬೋಟಾ ಅಂತ ನಗಬೇಡಿ. ಚನ್ನಗಿರಿ ಕಡೆ ಹೋದರೆ ಸೂಳೆಕೆರೆ ಇದೆ, ಹಿರಿಯೂರು ಕಡೆ ಹೋದರೆ ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ, ಇದೆ. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನೋಡಲು ಎಷ್ಟು ಜನ ಸೇರಿದ್ದರು, ನೆನಪಿದೆಯಾ? ನಮಗೂ ನೀರು ಇದೆ, ನೀರು ಇದ್ದ ಕಡೆ ಬೋಟೂ ಬರುತ್ತದೆ. ಪರಿಚಯದವರೊಬ್ಬರು ಒಂದು ಸಣ್ಣ ಡೀಸೆಲ್ ಬೋಟು ಇಟ್ಟಿದ್ದಾರೆ. ಯಾವ ಕೆರೆ ಅಂತ ಕೇಳಬೇಡಿ. ಸೆಲ್ಫ್, ಅಂದರೆ ಇಂಜಿನ್ ಸ್ಟಾರ್ಟ್ ಮಾಡುವ ಮೋಟರ್, ಎಳೆಯುತ್ತಿಲ್ಲ, ಬಂದು ನೋಡು ಮಾರಾಯ ಅಂದರು. ಹೋದೆ.

ಇಂಜಿನ್ ಹಿಂದೆ, ತೂಕ ಸರಿದೂಗಲಿ ಅಂತ ಬ್ಯಾಟರಿ ಮುಂದೆ. ನಡುವೆ ನಾಲ್ಕು ಮೀಟರ್ ಪ್ಲಸ್ ಕೇಬಲ್ಲು, ಹಲಗೆ ಕೆಳಗೆ, ಎಣ್ಣೆ ಮಿಶ್ರಿತ ನೀರಿನಲ್ಲಿ ಮಲಗಿದೆ. ಒಂದು ಕಡೆ ತಗಡಿನ ತೂತಿನಲ್ಲಿ ಹಾದು ಹೋಗುತ್ತದೆ, ಆ ತೂತಿಗೆ ರಬ್ಬರ್ ಬುಷ್ ಇಲ್ಲ, ಇಂಜಿನ್ ನಡುಗಿದಾಗಲೆಲ್ಲ ತಗಡಿನ ಅಂಚು ಕೇಬಲ್ಲಿನ ಸಿಪ್ಪೆಯನ್ನು ಗರಗಸದ ಹಾಗೆ ಕೊಯ್ಯುತ್ತಾ ಇದೆ, ಇನ್ನೇನು ತಾಮ್ರ ಕಾಣಬೇಕು ಅನ್ನುವ ಹಂತಕ್ಕೆ ಬಂದಿದೆ. ಬ್ಯಾಟರಿಯಿಂದ ಸೆಲ್ಫ್ ಮೋಟರಿನವರೆಗೆ ಎಲ್ಲೂ ಒಂದು ಫ್ಯೂಸ್ ಇಲ್ಲ. ಸ್ವಿಚ್ಚೂ ಇಲ್ಲ.

ಕೇಳಿದೆ. ಅವರು ಹೇಳಿದ್ದು: "ಸೆಲ್ಫ್‌ಗೆ ಯಾರಾದರೂ ಫ್ಯೂಸ್ ಹಾಕುತ್ತಾರೇನಯ್ಯಾ? ಲಾರಿಗೆ ಇದೆಯಾ?"

ಈ ಮಾತನ್ನು ಪೂರ್ತಿ ತಳ್ಳಿಹಾಕಲು ಬರುವುದಿಲ್ಲ, ಅದೇ ಕಷ್ಟ. ಬೋಟಿನ ವೈರಿಂಗಿಗೆ ಅಮೆರಿಕದ ಎಬಿವೈಸಿ ಅನ್ನುವ ಸಂಸ್ಥೆಯ ನಿಯಮಗಳಿವೆ. ಬ್ಯಾಟರಿಯಿಂದ ಹೊರಡುವ ಪ್ಲಸ್ ವೈರಿಗೆ ಸಾಮಾನ್ಯವಾಗಿ 7 ಇಂಚಿನ ಒಳಗೇ ಫ್ಯೂಸ್ ಇರಬೇಕು ಅನ್ನುತ್ತದೆ ಅದು. ಆದರೆ ಸೆಲ್ಫ್ ಮೋಟರಿನ ಕೇಬಲ್ಲಿಗೆ ವಿನಾಯಿತಿ ಕೊಟ್ಟಿದೆ. ಯಾಕೆಂದರೆ ಸೆಲ್ಫ್ ಹೊಡೆದ ಮೊದಲ ಕ್ಷಣದಲ್ಲಿ ಮೋಟರ್ ತಿರುಗಿರುವುದಿಲ್ಲ, ಕರೆಂಟ್ ಧುಮ್ಮಿಕ್ಕುತ್ತದೆ, ಆಮೇಲೆ ಇಳಿಯುತ್ತದೆ. ಅಳತೆ ತಪ್ಪಿದ ಫ್ಯೂಸ್ ಹಾಕಿದರೆ ಗಾಳಿ ಎದ್ದು ಬೋಟು ಬಂಡೆ ಕಡೆ ತೇಲುತ್ತಿರುವಾಗಲೇ ಅದು ಹೋಗಬಹುದು, ಇಂಜಿನ್ ಬೇಕಾದ ಹೊತ್ತಿಗೆ ಇಂಜಿನ್ ಇಲ್ಲ. ಆ ಭಯ ಸುಳ್ಳಲ್ಲ.

ಆದರೂ ನನ್ನ ಮಾತು ಇದು: ವಿನಾಯಿತಿ ಅಂದರೆ ಹಾಕಲೇಬೇಕಿಲ್ಲ ಅಂತ. ಹಾಕಬಾರದು ಅಂತ ಅಲ್ಲ. ಬ್ಯಾಟರಿ ಇಂಜಿನ್ ಪಕ್ಕದಲ್ಲೇ ಇದ್ದು, ಕೇಬಲ್ ಎರಡು ಅಡಿ ಇದ್ದು, ಎಲ್ಲೂ ತಾಗದೆ ಕಣ್ಣಿಗೆ ಕಾಣುವ ಹಾಗೆ ಇದ್ದರೆ ಬಿಡಿ, ನಾನೂ ಜಗಳಕ್ಕೆ ಬರುವುದಿಲ್ಲ. ನಾಲ್ಕು ಮೀಟರ್ ಕೇಬಲ್ಲು ನೀರೊಳಗೆ ಹೊಟ್ಟೆ ಎಳೆದುಕೊಂಡು ಹೋಗುವ ಬೋಟಿಗೆ ಅದೇ ಮಾತು ಹೇಳಿದರೆ ಒಪ್ಪುವುದಿಲ್ಲ. ಮತ್ತೆ ಲಾರಿ ಉದಾಹರಣೆ ಕೊಡುವವರಿಗೆ: ಲಾರಿಯಲ್ಲಿ ಹೊಗೆ ಬಂದರೆ ಚಾಲಕ ಬದಿಗೆ ಹಾಕಿ ಕೆಳಗೆ ಹಾರುತ್ತಾನೆ. ಸೂಳೆಕೆರೆ ನಡುವೆ ನೀವು ಎಲ್ಲಿಗೆ ಹಾರುತ್ತೀರಿ?

ಯಾವ ಫ್ಯೂಸ್ ಅನ್ನುವುದಕ್ಕೆ ಮೊದಲು ಅಳೆಯಿರಿ. ವೈರಿನ ಸುತ್ತ ಕಚ್ಚಿಸಿ ಕರೆಂಟ್ ನೋಡುವ ಕ್ಲ್ಯಾಂಪ್ ಮೀಟರ್ ಬೇಕು, ಅದೂ ಬ್ಯಾಟರಿಯ ಡಿಸಿ ಅಳೆಯುವಂಥದ್ದು, ಮನೆ ವೈರಿಂಗಿನ ಎಸಿ ಮೀಟರ್ ನಡೆಯುವುದಿಲ್ಲ. ಈ ಬೋಟಿನಲ್ಲಿ ಬೆಳಗಿನ ತಣ್ಣನೆ ಇಂಜಿನ್ ತಿರುಗುವಾಗ 180 ಆಂಪ್ಸಿನ ಆಸುಪಾಸು ಬಂತು, ಮೊದಲ ಏಟಿಗೆ ಅದರ ಎರಡೂವರೆ ಪಟ್ಟು. ನಾನು ಹೇಳಿದ್ದು 300 ಆಂಪ್ಸಿನ ಎಎನ್ಎಲ್ ಫ್ಯೂಸ್, ಬೋಲ್ಟ್ ಹಾಕಿ ಕೂರಿಸುವ ಪಟ್ಟಿಯಂಥದ್ದು. ಮೊದಲ ಏಟಿಗೆ ಹೋಗಲ್ವಾ ಅಂದರು. ಹೋಗುವುದಿಲ್ಲ. ಫ್ಯೂಸಿನ ಪಟ್ಟಿ ಕಾದು ಕರಗಲು ಹೊತ್ತು ಬೇಕು. ಅರೆ ಸೆಕೆಂಡಿನ ಏರಿಕೆಯನ್ನು ಅದು ನುಂಗಿಕೊಳ್ಳುತ್ತದೆ, ಆದರೆ 2000 ಆಂಪ್ಸ್ ಶಾರ್ಟ್ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಫ್ಯೂಸ್ ಇರಬೇಕಾದ್ದು ಬ್ಯಾಟರಿ ತುದಿಯಲ್ಲಿ. ಇಂಜಿನ್ ತುದಿಯಲ್ಲಿ ಹಾಕಿದರೆ ನಡುವಿನ ನಾಲ್ಕು ಮೀಟರಿಗೆ ಕಾವಲು ಯಾರು? ಎಂಆರ್‌ಬಿಎಫ್ ಅಂತ ಒಂದು ಜಾತಿ ಇದೆ, ನೇರ ಬ್ಯಾಟರಿ ಟರ್ಮಿನಲ್ ಮೇಲೇ ಕೂರುತ್ತದೆ, 300 ಆಂಪ್ಸ್‌ವರೆಗೂ ಸಿಗುತ್ತದೆ, ಜಾಗ ಇಲ್ಲದ ಬೋಟಿಗೆ ಅದೇ ಸುಲಭ. ಪೆಟ್ರೋಲ್ ಇಂಜಿನ್ ಆದರೆ ಕಿಡಿ ಹೊರಗೆ ಬಾರದ ಜಾತಿಯದ್ದೇ ಬೇಕು, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ.

ಒಬ್ಬ ಪುಣ್ಯಾತ್ಮ ಮನೆಯ 63 ಆಂಪ್ಸ್ ಎಂಸಿಬಿ ಹಾಕಲಾ ಅಂತ ಕೇಳಿದ್ದ. ಬೇಡಪ್ಪಾ.

ಫ್ಯೂಸ್ ಹಾಕಿದ ಮೇಲೆ ಕಾಲು ಚಾಚಿ ಮಲಗಬಹುದಾ? ಇಲ್ಲ. ಫ್ಯೂಸಿಗೆ ಕಣ್ಣಿಲ್ಲ. ಉಜ್ಜಿದ ಕೇಬಲ್ಲು ಪೂರ್ತಿ ತಾಗದೆ ಅರೆಬರೆ ತಾಗಿ 150 ಆಂಪ್ಸ್ ಕಿಡಿ ಕಾರುತ್ತಾ ಕೂತರೆ, ಇದು ಸೆಲ್ಫ್ ಮೋಟರ್ ಎಳೆಯುತ್ತಿರುವುದು ಅಂತಲೇ ಅದು ತಿಳಿಯುತ್ತದೆ. ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ಸೊಲೆನಾಯ್ಡ್, ಅದರ ಒಳಗಿನ ತಾಮ್ರ ಅಂಟಿಕೊಂಡರೂ ಅದೇ ಕಥೆ, ನೀವು ಕೀ ಬಿಟ್ಟರೂ ಮೋಟರ್ ತಿರುಗುತ್ತಲೇ ಇರುತ್ತದೆ, ಕೇಬಲ್ಲು ಬಿಸಿಯಾಗುತ್ತಲೇ ಇರುತ್ತದೆ. ಅದಕ್ಕೇ ಕಟ್ ಆಫ್ ಸ್ವಿಚ್ ಬೇಕು. ಇಂಜಿನ್ ಪೆಟ್ಟಿಗೆಯ ಒಳಗಲ್ಲ, ಹೊರಗೆ, ಹೊಗೆಯಲ್ಲಿ ಕೈಹಾಕದೆ ಸಿಗುವ ಕಡೆ. ಒಂದು ಎಚ್ಚರಿಕೆ ಮಾತ್ರ, ಇಂಜಿನ್ ಓಡುವಾಗ ಸುಮ್ನೆ ಅದನ್ನು ತಿರುಗಿಸಬೇಡಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡು ಸುಟ್ಟುಹೋಗಬಹುದು. ಬೆಂಕಿ ಬಿದ್ದಾಗ ಆ ಲೆಕ್ಕ ಬೇಡ, ತಿರುಗಿಸಿ.

ನಾನು ಜಾಸ್ತಿ ಹೆದರುವುದು ಇನ್ನೊಂದಕ್ಕೆ. ಎಲ್ಲರೂ ದಪ್ಪ ಕೇಬಲ್ಲಿನ ಬಗ್ಗೆ ವಾದ ಮಾಡುತ್ತಾರೆ, ಅದೇ ಪ್ಲಸ್ ಟರ್ಮಿನಲ್ಲಿಗೆ ಸುತ್ತಿದ ಸಣ್ಣ ವೈರುಗಳನ್ನು ಯಾರೂ ನೋಡುವುದಿಲ್ಲ. ಆ ಬೋಟಿನಲ್ಲಿ ಐದು ಇದ್ದವು: ಹಾಡಿನ ಪೆಟ್ಟಿಗೆಗೆ ಒಂದು, ಲೈಟಿಗೆ ಎರಡು, ನೀರೆತ್ತುವ ಪಂಪಿಗೆ ಒಂದು, ಮೊಬೈಲ್ ಚಾರ್ಜರಿಗೆ ಒಂದು. ಒಂದಕ್ಕೆ ಮಾತ್ರ ಫ್ಯೂಸ್ ಹೋಲ್ಡರ್ ಇತ್ತು, ತೆಗೆದು ನೋಡಿದರೆ ಒಳಗೆ ಫ್ಯೂಸಿನ ಬದಲು ತಾಮ್ರದ ಎಳೆ! ದಪ್ಪ ಕೇಬಲ್ ಒಂದಿಷ್ಟು ಹೊತ್ತು ತಡೆದುಕೊಳ್ಳುತ್ತದೆ. ಕಡ್ಡಿಯಷ್ಟು ತೆಳ್ಳಗಿನ ವೈರು ಶಾರ್ಟ್ ಆದರೆ ಸೆಕೆಂಡುಗಳಲ್ಲಿ ಕೆಂಪಾಗಿ ಪಕ್ಕದವನ್ನೂ ಸುಡುತ್ತದೆ. ಇವಕ್ಕೆ ಸೆಲ್ಫ್ ಕೇಬಲ್ಲಿನ ಆ ವಿನಾಯಿತಿ ಇಲ್ಲ, ಒಂದೊಂದಕ್ಕೂ ಬ್ಯಾಟರಿ ಹತ್ತಿರವೇ 5ರದ್ದೋ 10ರದ್ದೋ ಫ್ಯೂಸ್ ಬೇಕು.

ಸೆಲ್ಫ್ ಎಳೆಯದಿದ್ದ ಕಾರಣವಾ? ಹೇಳಲು ಮರೆತೆ. ಕೇಬಲ್ ತುದಿಯ ಲೋಹದ ಕಿವಿ, ಅಂದರೆ ಲಗ್, ಸರಿಯಾಗಿ ಒತ್ತಿ ಕ್ರಿಂಪ್ ಆಗಿರಲಿಲ್ಲ, ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದರು, ಒಳಗೆಲ್ಲ ಹಸಿರು ಕಿಲುಬು. ಮೇಲಾಗಿ ಕೇಬಲ್ಲು 25 ಚದರ ಮಿಲಿಮೀಟರಿನದು. ಹೋಗಿ ಬರಲು ಎಂಟು ಮೀಟರ್ ತಾಮ್ರ, 180 ಆಂಪ್ಸಿಗೆ ಅದರಲ್ಲೇ ಒಂದು ವೋಲ್ಟ್ ಕಳೆದುಹೋಗುತ್ತಿತ್ತು. 70ರದ್ದು ಎಳೆದು, ಪೈಪಿನೊಳಗೆ ಹಾಕಿ, ಮೇಲುಗಡೆ ಕ್ಲಿಪ್ ಹೊಡೆದು, ತೂತಿಗೆ ರಬ್ಬರ್ ಬುಷ್ ಕೂರಿಸಿ, ಪ್ಲಸ್ ಟರ್ಮಿನಲ್ಲಿಗೆ ಟೊಪ್ಪಿ ಹಾಕಿ ಬಂದೆವು. ಈಗ ಒಂದೇ ಏಟಿಗೆ ಸ್ಟಾರ್ಟ್.

ಸ್ವಿಚ್ಚಿಗೆ ಅವರು ಒಪ್ಪಿದರು, ಹಾಕಿದೆವು. ಫ್ಯೂಸಿಗೆ ಇನ್ನೂ ಮನಸ್ಸಿಲ್ಲ. ತಂದುಕೊಟ್ಟ ಡಬ್ಬಿ ಬೋಟಿನ ಸೀಟಿನ ಕೆಳಗೆ ಹಾಗೇ ಇದೆಯಂತೆ, "ಮುಂದೆ ನೋಡೋಣ ಬಿಡು" ಅನ್ನುತ್ತಾರೆ. ಭಾನುವಾರ ಅಂಗಡಿ ರಜ. ಈ ಹದಿಮೂರರ ಸ್ಪ್ಯಾನರಿಗೆ ಟೇಪು ಸುತ್ತಿಕೊಂಡು ಹೋಗಿ ನಾನೇ ಹಾಕಿ ಬರುತ್ತೇನೆ. ಮೈನಸ್ ಮೊದಲು ಬಿಚ್ಚಿ.