ಹಳೆಯ ಸರ್ಫ್‌ಬೋರ್ಡ್ ಮೇಲಿನ ಮಾರ್ಕರ್ ಗುರುತು: ಬೋರ್ಡ್ ಕೆಡದಂತೆ ಅಳಿಸುವುದು ಹೇಗೆ?

(ದೃಶ್ಯ: ಮೇಜಿನ ಮೇಲೆ ಬಿಳಿ ಥರ್ಮಾಕೋಲ್ ತುಂಡು. ಅದರ ಮೇಲೆ ಅಸಿಟೋನ್ ಹನಿಗಳು ಬೀಳುತ್ತವೆ.)

ಈ ಥರ್ಮಾಕೋಲ್ ಅನ್ನು ಗಮನಿಸಿ. ಬೆಂಕಿ ತಾಗಿಸಿಲ್ಲ, ಬಿಸಿ ಮಾಡಿಲ್ಲ. ಅಸಿಟೋನ್ ಹನಿಗಳು ಬಿದ್ದಲ್ಲೆಲ್ಲ ಕುಸಿದು ಗುಳಿ ಬೀಳುತ್ತಿದೆ. ಉಗುರುಬಣ್ಣ ತೆಗೆಯಲು ಮನೆಯಲ್ಲಿಟ್ಟಿರುವ ಎಷ್ಟೋ ಸೀಸೆಗಳಲ್ಲಿ ಇರುವುದು ಇದೇ ಅಸಿಟೋನ್. ಎಪಾಕ್ಸಿ ಸರ್ಫ್‌ಬೋರ್ಡ್‌ಗಳ ಒಳಗೆ ಸಾಮಾನ್ಯವಾಗಿ ತುಂಬಿರುವುದೂ ಥರ್ಮಾಕೋಲ್ ಜಾತಿಯ ಫೋಮ್.

ಬಳಸಿದ ಬೋರ್ಡ್ ಕೊಂಡವರು ಅದರ ಮೇಲಿನ ಮಾರ್ಕರ್ ಬರಹವನ್ನು ಅಳಿಸಲು ಮೊದಲು ಕೈ ಹಾಕುವುದು ಆ ಸೀಸೆಗೇ. ಅದಕ್ಕೇ ಈ ವಿಡಿಯೋ.

(ದೃಶ್ಯ: ಕಡಲತೀರದಲ್ಲಿ ಸಾಲಾಗಿ ನಿಲ್ಲಿಸಿದ ಬೋರ್ಡ್‌ಗಳು.)

ನಮಸ್ಕಾರ. ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಸುವವರಿದ್ದಾರೆ. ಪಕ್ಕದ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಯೇ ನಡೆದಿದೆ. ಹೊಸ ಬೋರ್ಡ್ ದುಬಾರಿ, ಆದ್ದರಿಂದ ಕಲಿಯುವವರು ಬಳಸಿದ್ದನ್ನು ಕೊಳ್ಳುವುದು ಒಳ್ಳೆಯ ನಿರ್ಧಾರವೆಂದೇ ನಾನು ಹೇಳುತ್ತೇನೆ. ಅಂಥ ಬೋರ್ಡ್ ಮೇಲೆ ಬಾಡಿಗೆಯ ಸಂಖ್ಯೆಯೋ ಹಿಂದಿನ ಒಡೆಯರ ಹೆಸರೋ ಕಪ್ಪು ಮಾರ್ಕರ್‌ನಲ್ಲಿ ದಪ್ಪಗೆ ಬರೆದಿರುತ್ತದೆ. ಅದನ್ನು ಅಳಿಸಬಹುದು. ಆದರೆ ಬೋರ್ಡ್ ಯಾವುದರಿಂದ ಮಾಡಿದ್ದು ಎಂದು ತಿಳಿಯುವವರೆಗೆ ಯಾವ ದ್ರವವನ್ನೂ ಸುರಿಯಬೇಡಿ.

ಗಟ್ಟಿ ಬೋರ್ಡ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಪಾಲಿಯುರಿಥೇನ್ ಫೋಮ್ ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಹಾಸಿ ಪಾಲಿಯೆಸ್ಟರ್ ರೆಸಿನ್ (ಆರಿದ ಮೇಲೆ ಗಟ್ಟಿಯಾಗುವ ಅಂಟುದ್ರವ) ಹಚ್ಚಿದ್ದು ಒಂದು. ಥರ್ಮಾಕೋಲ್ ಜಾತಿಯ ಫೋಮ್ ಮೇಲೆ ಅದೇ ಬಟ್ಟೆ ಹಾಸಿ ಎಪಾಕ್ಸಿ ಎಂಬ ರೆಸಿನ್ ಹಚ್ಚಿದ್ದು ಇನ್ನೊಂದು. ಎಲ್ಲಾದರೂ ಪೆಟ್ಟು ಬಿದ್ದು ಒಳಗಿನ ಫೋಮ್ ಕಾಣುತ್ತಿದ್ದರೆ ಗುರುತಿಸುವುದು ಸುಲಭ. ಸಣ್ಣ ಗುಂಡು ಮಣಿಗಳು ಒತ್ತೊತ್ತಾಗಿ ಕಂಡರೆ ಎಪಾಕ್ಸಿ ಬೋರ್ಡ್. ನಯವಾದ, ಪುಡಿಪುಡಿಯಾಗುವ ಫೋಮ್ ಕಂಡರೆ ಪಾಲಿಯುರಿಥೇನ್. ಗೊತ್ತಾಗದಿದ್ದರೆ ಎಪಾಕ್ಸಿ ಎಂದೇ ಭಾವಿಸಿ ನಡೆದುಕೊಳ್ಳಿ.

ಗಟ್ಟಿಯಾದ ರೆಸಿನ್ ಮೇಲೆ ಅಸಿಟೋನ್ ಬಟ್ಟೆಯನ್ನು ಒಮ್ಮೆ ಸರಕ್ಕನೆ ಎಳೆದರೆ ಬೋರ್ಡ್ ಹಾಳಾಗುವುದಿಲ್ಲ, ನಿಜ. ಬೋರ್ಡ್ ತಯಾರಿಸುವವರೇ ಅದನ್ನು ಬಳಸುತ್ತಾರೆ. ಆದರೆ ಅವರ ಕೈಯಲ್ಲಿರುವುದು ಹೊಸ ಬೋರ್ಡ್. ಬಳಸಿದ ಬೋರ್ಡ್‌ನಲ್ಲಿ ಕೂದಲೆಳೆಯಂಥ ಬಿರುಕುಗಳಿರುತ್ತವೆ, ಸೂಜಿಮೊನೆಯಷ್ಟು ರಂಧ್ರಗಳಿರುತ್ತವೆ. ಅಲ್ಲಿಂದ ಒಂದು ಹನಿ ಒಳಗಿಳಿದರೂ ಸಾಕು, ಮೇಲ್ಮೈ ಹೊಳೆಯುತ್ತಲೇ ಇರುತ್ತದೆ, ಅಡಿಯಲ್ಲಿ ಥರ್ಮಾಕೋಲ್ ಜಾತಿಯ ಫೋಮ್ ಕರಗಿ ಟೊಳ್ಳಾಗಿರುತ್ತದೆ. ಬೋರ್ಡ್ ಅಡಿಯಲ್ಲಿ ಫಿನ್ ಎಂಬ ಸಣ್ಣ ರೆಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಭಾಗಕ್ಕೂ ಅಸಿಟೋನ್ ಆಗುವುದಿಲ್ಲ. ತಿನ್ನರ್ ಮತ್ತು ಪೆಟ್ರೋಲನ್ನೂ ದೂರವಿಡಿ.

(ದೃಶ್ಯ: ಬೋರ್ಡ್‌ನ ಅಡಿಭಾಗ. ಕಪ್ಪು ಅಕ್ಷರಗಳು ಸಮೀಪದಿಂದ.)

ಹಾಗಾದರೆ ಏನು ಬಳಸಬೇಕು? ಮಾರ್ಕರ್ ಶಾಯಿಯಲ್ಲಿ ಇರುವುದು ಬಣ್ಣ, ಅದನ್ನು ಮೇಲ್ಮೈಗೆ ಅಂಟಿಸುವ ರಾಳ, ಇವೆರಡನ್ನೂ ಕರಗಿಸಿಟ್ಟ ದ್ರಾವಕ. ಆ ದ್ರಾವಕ ಬಹುತೇಕ ಆಲ್ಕೋಹಾಲ್ ಜಾತಿಯದು. ಬರೆದ ಮೇಲೆ ಅದು ಆರಿಹೋಗುತ್ತದೆ, ಬಣ್ಣವೂ ರಾಳವೂ ಉಳಿಯುತ್ತವೆ. ನೀರಿಗೆ ಬಗ್ಗದ ಶಾಯಿ ಆಲ್ಕೋಹಾಲ್ ತಾಗಿದೊಡನೆ ಮತ್ತೆ ಕರಗುವುದು ಇದರಿಂದಲೇ. ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಅದು ಥರ್ಮಾಕೋಲ್ ಅನ್ನು ಕರಗಿಸುವುದಿಲ್ಲ.

ಬಾಟಲಿ ತೆರೆಯುವ ಮೊದಲು ಬೋರ್ಡನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಿ. ಬಿರುಕಿದ್ದರೆ ಮೊದಲು ಅದರ ದುರಸ್ತಿ, ಆಮೇಲೆ ಅಂದಚೆಂದ. ಬರಹ ಮೇಲ್ಭಾಗದಲ್ಲಿದ್ದರೆ, ಕಾಲು ಜಾರದಿರಲೆಂದು ಅಲ್ಲಿ ಹಚ್ಚಿದ ಹಳೆಯ ಮೇಣವನ್ನು ಕೆರೆದು ತೆಗೆಯಬೇಕು. ಮೇಣ ಮೆತ್ತಗಾಗಲು ಕೆಲವೇ ನಿಮಿಷ ಬಿಸಿಲಿಗೆ ಇಟ್ಟರೆ ಸಾಕು. ನಮ್ಮ ಕರಾವಳಿಯ ಬಿಸಿಲಿನಲ್ಲಿ ಬಿಟ್ಟು ಊಟಕ್ಕೆ ಹೋದರೆ ಫೈಬರ್‌ಗ್ಲಾಸ್ ಪದರ ಫೋಮ್‌ನಿಂದ ಎದ್ದುಬರಬಹುದು. ಮೇಲ್ಭಾಗದ ಗುರುತಿಗೆ ಬಹಳ ತಲೆ ಕೆಡಿಸಿಕೊಳ್ಳಬೇಡಿ, ಹೊಸ ಮೇಣ ಹಚ್ಚಿದರೆ ಅರ್ಧ ಮುಚ್ಚಿಹೋಗುತ್ತದೆ.

ಇನ್ನು ಪರೀಕ್ಷೆ. ಬಾಲದ ಹತ್ತಿರ, ಕಣ್ಣಿಗೆ ಬೀಳದ ಜಾಗದಲ್ಲಿ, ಆಲ್ಕೋಹಾಲ್ ಹಚ್ಚಿದ ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿ. ಬೋರ್ಡ್‌ನ ಬಣ್ಣವೇ ಬಟ್ಟೆಗೆ ಹತ್ತಿದರೆ ನಿಲ್ಲಿಸಿ; ಚಿತ್ತಾರವನ್ನು ರೆಸಿನ್ ಮೇಲೆ ಬಳಿದಿದ್ದಾರೆ, ನೀವು ಅದನ್ನೂ ಅಳಿಸಿಬಿಡುತ್ತೀರಿ. ಬೋರ್ಡ್ ನಡುವಿನ ಮರದ ಪಟ್ಟಿಯ ಬಳಿ ಪೆನ್ಸಿಲ್‌ನಲ್ಲಿ ಬರೆದ ಅಂಕಿಗಳೂ ಸಹಿಯೂ ಕಂಡರೆ ಮುಟ್ಟಬೇಡಿ. ಅದು ಬೋರ್ಡನ್ನು ಕೈಯಾರೆ ಕೆತ್ತಿದವರ ಬರಹ: ಉದ್ದ, ಅಗಲ, ದಪ್ಪ. ಫೈಬರ್‌ಗ್ಲಾಸ್ ಪದರದ ಅಡಿಯಲ್ಲಿರುವುದರಿಂದ ಹೇಗೂ ಅಳಿಯುವುದಿಲ್ಲ. ಈ ಬೋರ್ಡ್ ನಿಮಗೆ ಒಗ್ಗಿದರೆ ಮುಂದಿನದನ್ನು ಮಾಡಿಸುವಾಗ ಬೇಕಾಗುವುದು ಅದೇ ಅಳತೆ.

(ದೃಶ್ಯ: ಕೈಗವಸು ಹಾಕಿದ ಕೈ, ಬಿಳಿ ಬಟ್ಟೆ, ಅಕ್ಷರದ ಮೇಲೆ ಒತ್ತುತ್ತದೆ.)

ತೆರೆದ ಜಾಗದಲ್ಲಿ ಕುಳಿತುಕೊಳ್ಳಿ. ಹತ್ತಿರ ಒಲೆ, ಬೀಡಿ, ಸಿಗರೇಟು ಬೇಡ. ಆಲ್ಕೋಹಾಲನ್ನು ಬೋರ್ಡ್‌ಗೆ ಸುರಿಯದೆ ಬಟ್ಟೆಗೆ ಹಾಕಿ, ಅಕ್ಷರದ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಶಾಯಿ ಕರಗಿತೆಂದು ಕಂಡಾಗ ಹೊರಗಿನಿಂದ ಒಳಕ್ಕೆ ಒರೆಸಿ. ಒಳಗಿನಿಂದ ಹೊರಕ್ಕೆ ಒರೆಸಿದರೆ ಕಪ್ಪು ಹರಡಿ, ಅಕ್ಷರವಿದ್ದ ಕಡೆ ಮಸಿಯ ಮೋಡವೇ ಏಳುತ್ತದೆ. ಪ್ರತಿ ಸಲವೂ ಬಟ್ಟೆಯ ಹೊಸ ಭಾಗ ಬಳಸಿ. ಅಂಚಿನ ಇಳಿಜಾರಿನಲ್ಲಿ ದ್ರವ ನಿಲ್ಲದಿದ್ದರೆ ಆಲ್ಕೋಹಾಲ್ ಇರುವ ಹ್ಯಾಂಡ್ ಸ್ಯಾನಿಟೈಸರ್ ಜೆಲ್ ಒಳ್ಳೆಯದು, ಹಚ್ಚಿದಲ್ಲೇ ಕೂರುತ್ತದೆ. ಹೊಳಪಿನ ಮೇಲ್ಮೈಯಲ್ಲಿ ವೈಟ್‌ಬೋರ್ಡ್ ಮಾರ್ಕರ್ ಕೂಡ ಕೆಲಸ ಮಾಡುತ್ತದೆ: ಹಳೆಯ ಗೆರೆಯ ಮೇಲೆ ಗೀಚಿ, ಆರುವ ಮೊದಲೇ ಒರೆಸಿ.

ಹೊಳಪಿಲ್ಲದ, ಮರಳುಕಾಗದದಿಂದ ಉಜ್ಜಿ ಹಾಗೆಯೇ ಬಿಟ್ಟ ಬೋರ್ಡ್‌ನಲ್ಲಿ ಮಾತ್ರ ಮಸುಕು ನೆರಳು ಉಳಿಯುತ್ತದೆ. ಕಣ್ಣಿಗೆ ಕಾಣದ ಗೀರುಗಳಲ್ಲಿ ಶಾಯಿ ಇಳಿದಿರುತ್ತದೆ. ಕಾರಿಗೆ ಹಚ್ಚುವ ರಬ್ಬಿಂಗ್ ಕಾಂಪೌಂಡ್‌ನಿಂದ ಮೃದುವಾಗಿ ಉಜ್ಜಿ. ಅದಕ್ಕೂ ಹೋಗದಿದ್ದರೆ 1000 ಅಥವಾ 1500 ಸಂಖ್ಯೆಯ ಮರಳುಕಾಗದವನ್ನು ನೀರಿನಲ್ಲಿ ಅದ್ದಿ ನಾಲ್ಕಾರು ಸಲ ಆಡಿಸಿ, ಒರೆಸಿ ನೋಡಿ. ಫೈಬರ್‌ಗ್ಲಾಸ್ ಬಟ್ಟೆಯ ನೇಯ್ಗೆ ಕಾಣಲು ಶುರುವಾದರೆ ರೆಸಿನ್ ಸವೆದಿದೆ ಎಂದರ್ಥ. ಮುಂದೆ ಅಲ್ಲಿಂದ ನೀರು ಒಳಗಿಳಿಯಬಹುದು. ಒಂದು ನೆರಳಿಗಾಗಿ ಅಷ್ಟು ದೂರ ಹೋಗುವುದು ಸಲ್ಲದು. ಅದರ ಮೇಲೆ ಸ್ಟಿಕ್ಕರ್ ಅಂಟಿಸಿ.

ಕಲಿಕೆಯ ಮೆತ್ತನೆ ಬೋರ್ಡ್‌ಗಳ ಮಾತೇ ಬೇರೆ. ಅವುಗಳ ಮೇಲ್ಪದರ ಪಾಲಿಎಥಿಲೀನ್ ಫೋಮ್. ಶಾಯಿ ಆಳಕ್ಕೆ ಹೋಗಿರುತ್ತದೆ, ಮರಳುಕಾಗದ ತಾಗಿಸಿದರೆ ಫೋಮ್ ಕಿತ್ತುಬರುತ್ತದೆ. ಸ್ವಲ್ಪ ಆಲ್ಕೋಹಾಲ್‌ನಿಂದ ಬಂದಷ್ಟು ಬರಲಿ, ಉಳಿದದ್ದು ಇರಲಿ.

ಕೆಲಸ ಮುಗಿದ ಮೇಲೆ ಬೋರ್ಡನ್ನು ಸೋಪಿನ ನೀರಿನಿಂದ ತೊಳೆದು ನೆರಳಿನಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆಯೇ ಮೇಣ ಹಚ್ಚಿ. ಆಲ್ಕೋಹಾಲ್ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಗಾಳಿಯಲ್ಲಿ ಹರವಿ, ವಾಸನೆ ಹೋದ ಮೇಲೆ ಹಾಕಿ.