ಪದ ಬದಲಾದರೆ ಪಾಠ ಬದಲಾದೀತೇ?

ಕೇಳುಗರಿಗೆ ನಮಸ್ಕಾರ. ಜೀವಿಗಳ ರಚನೆ ಇಷ್ಟು ಜಟಿಲವಾಗಿರುವಾಗ ಅದರ ಹಿಂದೆ ಒಬ್ಬ ಬುದ್ಧಿವಂತ ವಿನ್ಯಾಸಕಾರ ಇರಲೇಬೇಕು ಎಂಬ ವಾದಕ್ಕೆ ಅಮೆರಿಕದಲ್ಲಿ ‘ಇಂಟೆಲಿಜೆಂಟ್ ಡಿಸೈನ್’ ಎನ್ನುತ್ತಾರೆ. ಇದು ವಿಜ್ಞಾನ, ಧರ್ಮಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಅದರ ಬೆಂಬಲಿಗರ ವಾದ. ಹಾಗಾದರೆ ಎರಡನ್ನೂ ಬೇರೆ ಮಾಡಿ ತೋರಿಸಲಿ. ದೇವರ ಹೆಸರು ಅಳಿಸಿದರೆ ಸಾಲದು, ಪರೀಕ್ಷೆ ಬೇಕು.

ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಡೋವರ್ ಎಂಬ ಊರಿದೆ. ಒಂಬತ್ತನೇ ತರಗತಿಯ ಜೀವಶಾಸ್ತ್ರದ ಮಕ್ಕಳಿಗೆ ಈ ವಾದವನ್ನು ಪರಿಚಯಿಸಬೇಕೆಂದು 2004ರ ಅಕ್ಟೋಬರ್‌ನಲ್ಲಿ ಅಲ್ಲಿನ ಶಾಲಾ ಮಂಡಳಿ ನಿರ್ಣಯಿಸಿತು. ಮಂಡಳಿ ಕೊಟ್ಟ ಹೇಳಿಕೆಯನ್ನು ಓದುವುದಿಲ್ಲ ಎಂದರು ವಿಜ್ಞಾನದ ಶಿಕ್ಷಕರು. ಕೊನೆಗೆ ಆಡಳಿತಾಧಿಕಾರಿಗಳೇ ತರಗತಿಗೆ ಬಂದು ಓದಿದರು. 11 ಮಂದಿ ಪೋಷಕರು ಕೋರ್ಟಿಗೆ ಹೋದರು.

ಆ ಹೇಳಿಕೆ ಮಕ್ಕಳಿಗೆ ಸೂಚಿಸಿದ್ದ ಪುಸ್ತಕ ‘ಆಫ್ ಪಾಂಡಾಸ್ ಅಂಡ್ ಪೀಪಲ್’. ಅದರ ಹಳೆಯ ಕರಡುಗಳನ್ನು ಕೋರ್ಟಿನಲ್ಲಿ ಒಂದರ ಪಕ್ಕ ಒಂದಿಟ್ಟು ತೋರಿಸಿದವರು ತತ್ತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್. ವಿಕಾಸವಾದ ಕಲಿಸಿದರೆ, ಜೀವಿಗಳನ್ನು ದೇವರೇ ಸೃಷ್ಟಿಸಿದ ಎನ್ನುವ ಸೃಷ್ಟಿವಾದವನ್ನೂ ಕಲಿಸಬೇಕೆಂಬ ಲೂಯಿಸಿಯಾನ ರಾಜ್ಯದ ಕಾನೂನನ್ನು ಸುಪ್ರೀಂ ಕೋರ್ಟ್ 1987ರ ಜೂನ್‌ನಲ್ಲಿ ರದ್ದು ಮಾಡಿತ್ತು. ಅದಕ್ಕೆ ಮುಂಚಿನ ಕರಡುಗಳಲ್ಲಿ ‘ಸೃಷ್ಟಿ’, ‘ಸೃಷ್ಟಿವಾದಿ’ ಎಂದಿದ್ದ ಸುಮಾರು 150 ಕಡೆ, ಆಮೇಲಿನ ಕರಡಿನಲ್ಲಿ ‘ಡಿಸೈನ್’ ಬಂದು ಕೂತಿದೆ! ಮೀನಿಗೆ ರೆಕ್ಕೆ, ಹುರುಪೆ, ಹಕ್ಕಿಗೆ ಗರಿ, ಕೊಕ್ಕು ಎಲ್ಲವೂ ಮೊದಲೇ ಸಿದ್ಧವಾಗಿಯೇ ಹುಟ್ಟಿದವು ಎಂಬ ವಿವರಣೆ ಮಾತ್ರ ಹಾಗೇ ಉಳಿದಿದೆ.

ಒಂದು ಕಡೆ ತಿದ್ದುವವರ ಕೈ ತಪ್ಪಿದೆ. ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ. ‘ಕ್ರಿಯೇಷನಿಸ್ಟ್ಸ್’, ಅಂದರೆ ಸೃಷ್ಟಿವಾದಿಗಳು, ಎಂಬ ಇಂಗ್ಲಿಷ್ ಪದವನ್ನು ಅಳಿಸಿ ‘ಡಿಸೈನ್ ಪ್ರೊಪೊನೆಂಟ್ಸ್’, ಅಂದರೆ ವಿನ್ಯಾಸವಾದದ ಬೆಂಬಲಿಗರು, ಎಂದು ಹಾಕಬೇಕಿತ್ತು. ಹಳೆಯ ಪದದ ಮೊದಲಕ್ಷರ ‘ಸಿ’ ಮುಂದೆ ಉಳಿಯಿತು, ಬಾಲದ ‘ಇಸ್ಟ್ಸ್’ ಹಿಂದೆ ಉಳಿಯಿತು, ಹೊಸ ಪದ ನಡುವೆ ಸಿಕ್ಕಿಕೊಂಡಿತು. ‘ಸಿಡಿಸೈನ್ ಪ್ರೊಪೊನೆಂಟ್‌ಸಿಸ್ಟ್ಸ್’! ಯಾವ ಭಾಷೆಯಲ್ಲೂ ಇಲ್ಲದ ಈ ಪದವೇ ಸಾಕ್ಷಿಯಾಯಿತು. ಪದ ಬದಲಾಗಿತ್ತು, ಪಾಠ ಬದಲಾಗಿರಲಿಲ್ಲ.

ಸಮಯ ಕಡಿಮೆ ಇದೆ, ಡಿಸೈನ್ ಬೆಂಬಲಿಗರು ಉದಾಹರಣೆಯಾಗಿ ಕೊಡುವ ಬ್ಯಾಕ್ಟೀರಿಯಾದ ಬಾಲದ ಮಾತನ್ನು ಬೇಗ ಹೇಳಿಬಿಡುತ್ತೇನೆ. ಈಜಲು ತಿರುಗುವ ಆ ಪುಟ್ಟ ಮೋಟರಿನಿಂದ ಒಂದು ಭಾಗ ತೆಗೆದರೂ ಅದು ಕೆಲಸಕ್ಕೆ ಬಾರದು, ಆದ್ದರಿಂದ ಹಂತ ಹಂತವಾಗಿ ಬೆಳೆದಿರಲಾರದು ಎಂದು ವಾದಿಸಿದವರು ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ. ಆದರೆ ಅದರ ಬುಡದ ಭಾಗಗಳನ್ನೇ ಹೋಲುವ ಪ್ರೋಟೀನುಗಳು ಪ್ಲೇಗ್ ಬ್ಯಾಕ್ಟೀರಿಯಾದಲ್ಲಿವೆ. ಅಲ್ಲಿ ಅವು ಈಜಿಗಲ್ಲ, ನಮ್ಮ ಜೀವಕೋಶದೊಳಕ್ಕೆ ವಿಷ ಚುಚ್ಚಲು ಬಳಕೆಯಾಗುತ್ತವೆ. ಭಾಗ ಕಡಿಮೆಯಾದರೆ ಈಜು ನಿಲ್ಲಬಹುದು, ಬೇರೆ ಉಪಯೋಗ ಇಲ್ಲವೆಂದು ಅರ್ಥವಲ್ಲ. ಇದು ಪ್ರಯೋಗಾಲಯದಲ್ಲಿ ನೋಡಬಹುದಾದ ಸಂಗತಿ. ವಿನ್ಯಾಸಕಾರ ಯಾರು, ಯಾವಾಗ, ಹೇಗೆ ಮಾಡಿದ ಎಂದು ಕೇಳಿದರೆ ಆ ಕಡೆಯಿಂದ ಪರೀಕ್ಷಿಸಬಹುದಾದ ಉತ್ತರ ಬರುವುದಿಲ್ಲ.

ನ್ಯಾಯಾಧೀಶ ಜಾನ್ ಜೋನ್ಸ್ 2005ರ ಡಿಸೆಂಬರ್ 20ರಂದು 139 ಪುಟಗಳ ತೀರ್ಪು ಕೊಟ್ಟರು: ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಅದನ್ನು ಅದರ ಧಾರ್ಮಿಕ ಮೂಲದಿಂದ ಬಿಡಿಸಲು ಬರುವುದಿಲ್ಲ. ದೇವರನ್ನು ನಂಬಬಾರದು ಎಂದು ಅವರು ಎಲ್ಲೂ ಹೇಳಲಿಲ್ಲ. ಜೀವಶಾಸ್ತ್ರದ ತರಗತಿಯಲ್ಲಿ ಆ ಹೇಳಿಕೆ ಓದುವುದು ಮಾತ್ರ ನಿಂತಿತು. ನಮಸ್ಕಾರ.