ಕಂಡಕ್ಟರ್ ಇಲ್ಲದ ಊರಿನಲ್ಲಿ ಟಿಕೆಟ್

ಎಲ್ಲರಿಗೂ ನಮಸ್ಕಾರ. ವೀಸಾ, ಫೀಸು, ಹಾಸ್ಟೆಲ್ ಬಗ್ಗೆ ಹೇಳಲು ಬೇರೆಯವರಿದ್ದಾರೆ. ನಾನು ಹೇಳುವುದು ಹೊರದೇಶದ ಬಸ್ಸು, ರೈಲಿನಲ್ಲಿ ಬೀಳುವ ದಂಡದ ಬಗ್ಗೆ. ಓದಲು ಹೊರಟ ಮಕ್ಕಳ ಜೊತೆ ಹೆತ್ತವರೂ ಕೇಳಿಸಿಕೊಳ್ಳಿ. ನಾಳೆ ಮಕ್ಕಳನ್ನು ನೋಡಲು ನೀವೂ ಹೋಗುವವರೇ ಅಲ್ವಾ?

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಖಾಸಗಿ ಬಸ್ ಹತ್ತಿದರೆ ನಮಗೆ ಟಿಕೆಟ್ ಚಿಂತೆ ಇಲ್ಲ. ಎಷ್ಟೇ ರಶ್ ಇರಲಿ, ಕಂಡಕ್ಟರ್ ನುಗ್ಗಿಕೊಂಡು ನಮ್ಮ ಹತ್ತಿರವೇ ಬರುತ್ತಾರೆ. 2023ರಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ಆಯಿತು. ಆದರೂ ಶೂನ್ಯ ಟಿಕೆಟ್ ಕೈಗೆ ಕೊಟ್ಟೇ ಮುಂದೆ ಹೋಗುತ್ತಾರೆ. ಯುರೋಪಿನ ಎಷ್ಟೋ ಊರುಗಳಲ್ಲಿ ಈ ಕೆಲಸವೆಲ್ಲ ಪ್ರಯಾಣಿಕನದೇ. ಬರ್ಲಿನ್ ಮೆಟ್ರೊದಲ್ಲಿ ಬೆಂಗಳೂರಿನ ಹಾಗೆ ಗೇಟೂ ಇಲ್ಲ, ಸೀದಾ ಹೋಗಿ ಹತ್ತಬಹುದು. ಮಾಮೂಲಿ ಬಟ್ಟೆಯಲ್ಲಿ ಪಕ್ಕ ನಿಂತಿದ್ದವರೇ ಇದ್ದಕ್ಕಿದ್ದಂತೆ ಗುರುತಿನ ಚೀಟಿ ತೆಗೆದು ಟಿಕೆಟ್ ಕೇಳುತ್ತಾರೆ. ಇಲ್ಲದಿದ್ದರೆ 60 ಯೂರೊ. 2015ಕ್ಕೆ ಮುಂಚೆ 40 ಇತ್ತು.

ಕದ್ದು ಹೋಗುವವರ ಬಗ್ಗೆ ನನಗೆ ಮಾತಿಲ್ಲ. ದುಡ್ಡು ಕೊಟ್ಟು ಟಿಕೆಟ್ ಕೊಂಡವರೂ ಸಿಕ್ಕಿಬೀಳುತ್ತಾರಲ್ಲ, ಅವರಿಗಾಗಿ ಹೇಳುತ್ತಿದ್ದೇನೆ. ಅಲ್ಲಿ ಎಷ್ಟೋ ಕಡೆ ಕಾಗದದ ಟಿಕೆಟ್ ಕೊಂಡ ಮೇಲೆ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಬರ್ಲಿನ್‌ನಲ್ಲಿ, ಪ್ರಾಗ್‌ನಲ್ಲಿ, ಇಟಲಿಯ ಪ್ರಾದೇಶಿಕ ರೈಲುಗಳಲ್ಲಿ ಈ ಪದ್ಧತಿ ಇದೆ. ಮುದ್ರೆ ಇಲ್ಲದ ಟಿಕೆಟ್ ಇದ್ದರೂ ಇಲ್ಲದಂತೆಯೇ. ಬುಡಾಪೆಸ್ಟ್‌ನ ಮಾಮೂಲಿ ಟಿಕೆಟ್‌ನಲ್ಲಿ ಟ್ರಾಮ್ ಇಳಿದು ಬಸ್ ಹತ್ತಿದರೆ ಹೊಸ ಟಿಕೆಟ್ ಬೇಕು.

ಇನ್ನೊಂದು ವಲಯದ ತಾಪತ್ರಯ. ಬರ್ಲಿನ್‌ನಲ್ಲಿ ಎ, ಬಿ, ಸಿ ಅಂತ ಮೂರು ವಲಯ. ವಿಮಾನ ನಿಲ್ದಾಣ ಇರುವುದು ಸಿ ವಲಯದಲ್ಲಿ. ಊರೊಳಗಿನ ಎಬಿ ಟಿಕೆಟ್ ಅಲ್ಲಿಗೆ ಸಾಲದು. ಸೂಟ್‌ಕೇಸ್ ಎಳೆದುಕೊಂಡು ಇಳಿದ ಮೊದಲ ದಿನವೇ ಎಡವುವುದು ಇಲ್ಲಿ. ಹಾಗೆಯೇ 2023ರ ಮೇ ತಿಂಗಳಲ್ಲಿ ಶುರುವಾದ ಡಾಯ್ಚ್‌ಲ್ಯಾಂಡ್ ಟಿಕೆಟ್ ಎಂಬ ತಿಂಗಳ ಪಾಸ್‌ನಲ್ಲಿ ಜರ್ಮನಿಯೆಲ್ಲ ಸುತ್ತಬಹುದು, ಆದರೆ ವೇಗದ ಐಸಿಇ ರೈಲು ಹತ್ತುವಂತಿಲ್ಲ. ಲಂಡನ್ ಮೆಟ್ರೊದಲ್ಲಿ ಟಿಕೆಟ್ ಬದಲು ಬ್ಯಾಂಕ್ ಕಾರ್ಡನ್ನೋ ಫೋನನ್ನೋ ಗೇಟಿನ ಯಂತ್ರಕ್ಕೆ ತೋರಿಸಿ ಹೋಗಬಹುದು, ಆದರೆ ಹತ್ತುವಾಗ ಫೋನ್, ಇಳಿಯುವಾಗ ಕಾರ್ಡ್ ತೋರಿಸಬೇಡಿ. ಎರಡೂ ಒಂದೇ ಖಾತೆಯದಾದರೂ ಯಂತ್ರಕ್ಕೆ ಬೇರೆ ಬೇರೆ. ಹಾಂ, ಲಕ್ಸೆಂಬರ್ಗ್‌ಗೆ ಹೋಗುವವರು ಈಗ ಕಾಫಿ ಕುಡಿದು ಬರಬಹುದು. ಅಲ್ಲಿ 2020ರಿಂದ ಬಸ್ಸು, ರೈಲು, ಟ್ರಾಮ್ ಎಲ್ಲ ಪುಕ್ಕಟೆ, ಫಸ್ಟ್ ಕ್ಲಾಸ್ ಬಿಟ್ಟು.

ಸಿಕ್ಕಿಬಿದ್ದರೆ ಏನು ಮಾಡಬೇಕು? ಓಡಬೇಡಿ. ಸುಳ್ಳು ಹೆಸರು ಹೇಳಬೇಡಿ. ಜರ್ಮನಿಯಲ್ಲಿ ಬೇಕೆಂದೇ ಟಿಕೆಟ್ ಇಲ್ಲದೆ ಹೋಗುವುದು ಅಪರಾಧ ಸಂಹಿತೆಯ 265ಎ ಕಲಮಿನಡಿ ಬರುತ್ತದೆ. ವಿದ್ಯಾರ್ಥಿಗೆ ಕೇಸ್ ಅಂದರೆ 60 ಯೂರೊಗಿಂತ ದೊಡ್ಡ ತಲೆನೋವು. ಎದುರಿಗಿದ್ದವರ ಗುರುತಿನ ಚೀಟಿ ಕೇಳಿ, ಅದು ನಿಮ್ಮ ಹಕ್ಕು. ರಸೀದಿ ಇಲ್ಲದೆ ಕೈಗೆ ನಗದು ಕೊಡಬೇಡಿ. ‘ಗೊತ್ತಿರಲಿಲ್ಲ ಸಾರ್’ ಅಂತ ಗೋಗರೆದರೆ ನಮ್ಮೂರಲ್ಲಿ ಒಮ್ಮೊಮ್ಮೆ ಬಿಟ್ಟುಬಿಡುತ್ತಾರೆ, ಅಲ್ಲಿ ಆ ನಂಬಿಕೆ ಇಟ್ಟುಕೊಳ್ಳಬೇಡಿ. ವಾದ ಮಾಡುವುದಿದ್ದರೆ ಆಮೇಲೆ ಬರವಣಿಗೆಯಲ್ಲಿ ಮಾಡಿ. ಯಂತ್ರ ಕೆಟ್ಟಿದ್ದರೆ ಅದರ ನಂಬರ್ ಕಾಣುವಂತೆ ಆಗಲೇ ಫೋಟೊ ತೆಗೆದಿಡಿ.

ಹೆಸರಿನ ಪಾಸ್ ಇದ್ದು ಮನೆಯಲ್ಲಿ ಮರೆತಿದ್ದರೆ ಗಾಬರಿ ಬೇಡ. ಒಂದು ವಾರದೊಳಗೆ ತೋರಿಸಿದರೆ ಬರ್ಲಿನ್‌ನಲ್ಲಿ ದಂಡ 7 ಯೂರೊಗೆ ಇಳಿಯುತ್ತದೆ. ಲಂಡನ್‌ನಲ್ಲಿ 100 ಪೌಂಡ್ ದಂಡ 21 ದಿನದೊಳಗೆ ಕಟ್ಟಿದರೆ ಅರ್ಧ. ಸುಮ್ನೆ ಕೂತರೆ ಮಾತ್ರ ಜಾಸ್ತಿ ಆಗುತ್ತದೆ. ನೆನಪೋಲೆ ಬರುತ್ತದೆ, ಆಮೇಲೆ ಸಾಲ ವಸೂಲಿ ಕಂಪನಿ, ಅವರ ಖರ್ಚೂ ನಿಮ್ಮ ತಲೆಗೇ. ರೂಮ್ ಬದಲಿಸಿದವರಿಗೆ ಓಲೆಯೇ ಸಿಗುವುದಿಲ್ಲ, ಆದರೆ ಗಡುವು ಓಡುತ್ತಲೇ ಇರುತ್ತದೆ. ಅದಕ್ಕೇ ದಂಡದ ಚೀಟಿ ಕೈಗೆ ಬಂದ ದಿನವೇ ಅದರಲ್ಲಿರುವ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ಕಟ್ಟಿ, ಇಲ್ಲವೇ ಆಕ್ಷೇಪಣೆ ಬರೆಯಿರಿ.

ಈಗ ನೀವು ಯಾವ್ಯಾವ ಊರಿಗೆ ಹೊರಟಿದ್ದೀರಿ ಹೇಳಿ. ಒಂದೊಂದೇ ಊರಿನ ವಲಯದ ನಕ್ಷೆ ಪರದೆಯ ಮೇಲೆ ಹಾಕುತ್ತೇನೆ.